ಮೆಟ್ರೋಗೆ ಐದೇ ನಿಮಿಷ
ಗೋವಿಂದರಾಜನಗರದ ಬ್ರೋಕರ್ ಸೇತುರಾಮಯ್ಯನವರ ಬಾಯಲ್ಲಿ ಕೆಟ್ಟ ಸೈಟು ಎಂಬುದೇ ಇಲ್ಲ. ಕೆಂಗೇರಿಯಿಂದ ಮುಕ್ಕಾಲು ಗಂಟೆ ದೂರದ ಬಯಲು ಅವರಿಗೆ "ಮೆಟ್ರೋಗೆ ಐದೇ ನಿಮಿಷ ಸಾರ್"; ಸ್ಮಶಾನದ ಪಕ್ಕದ್ದಾದರೆ "ಗಲಾಟೆಯಿಲ್ಲದ ನೆರೆಹೊರೆ". ಅವರ ಸ್ಕೂಟರಿನ ಡಿಕ್ಕಿಯಲ್ಲಿ ಲೇಔಟ್ ನಕ್ಷೆಗಳ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ, ಮಗಳು ಮೇಧಾಳ ಸಂಶೋಧನಾ ಲೇಖನವಿರುತ್ತದೆ. ಅದರ ಪಾಠ ಕೇಳದೆ ಯಾರೂ ಸೈಟು ನೋಡುವಂತಿಲ್ಲ. "ಜೀವಕೋಶ ಅಂದ್ರೆ ಥರ್ಟಿ ಫಾರ್ಟಿ ಸೈಟಿನ ಮನೆ ಇದ್ದಂಗೆ ಸಾರ್. ಹೊರಗೆ ಕಾಲಿಂಗ್ ಬೆಲ್ ಇರತ್ತೆ. ಒತ್ತಿದ್ರೆ ಒಳಗಿನೋರಿಗೆ ಸುದ್ದಿ ಹೋಗತ್ತೆ, ಮನೆ ಬೆಳೆಯತ್ತೆ. ಕ್ಯಾನ್ಸರ್‌ನಲ್ಲಿ ಯಾರೂ ಒತ್ತದೇ ಇದ್ರೂ ಬೆಲ್ ಹೊಡ್ಕೋತಾನೇ ಇರತ್ತೆ. ನಮ್ಮ ಮಗಳ ಔಷಧಿ ಆ ವೈರನ್ನೇ ಕಟ್ ಮಾಡತ್ತೆ!" ಎನ್ನುವಾಗ ಅವರ ಹೆಗಲು ಎರಡಿಂಚು ಮೇಲೇರುತ್ತದೆ. ಮೊನ್ನೆ ಅವರೊಂದಿಗೆ ಒಂದು ಸೈಟು ನೋಡಲು ಹೋಗಿದ್ದ ನಾನು, "ನಮ್ಮಕ್ಕನಿಗೂ ಕ್ಯಾನ್ಸರ್ ಸಾರ್. ಈ ಔಷಧಿ ಅವಳಿಗೆ ಕೆಲಸ ಮಾಡತ್ತಾ?" ಎಂದುಬಿಟ್ಟೆ. ಮೂವತ್ತು ವರ್ಷಗಳಲ್ಲಿ ಯಾವ ಗಿರಾಕಿಗೂ "ಗೊತ್ತಿಲ್ಲ" ಎನ್ನದ ಮನುಷ್ಯ ಲೇಖನವನ್ನು ಎದೆಗೊತ್ತಿಕೊಂಡರು. "ಗೊತ್ತಿಲ್ಲ ಸಾರ್. ಇನ್ನೂ ಲ್ಯಾಬಲ್ಲೇ ಇದೆ. ಹತ್ತರಲ್ಲಿ ನಾಲ್ಕು ಕೋಶ ಈ ಔಷಧಿಗೆ ಬಗ್ಗಲ್ಲ ಅಂತ ಅವಳೇ ಬರ್ದಿದಾಳೆ. ಅವಳು ಅಷ್ಟು ನಿಯತ್ತಾಗಿ ಬರ್ದಿರೋದಕ್ಕೆ ನಾನು ಬಣ್ಣ ಹಚ್ಚಬಾರ್ದು." ಕವರನ್ನು ಡಿಕ್ಕಿಯಲ್ಲಿಟ್ಟು, ಸ್ಕೂಟರ್ ಹತ್ತಿದವರು ಮತ್ತೆ ಇಳಿದರು. "ಈ ಸೈಟೂ ಬೇಡ ಬಿಡಿ ಸಾರ್. ಮಳೆ ಬಂದ್ರೆ ಮೊಣಕಾಲುದ್ದ ನೀರು ನಿಲ್ಲತ್ತೆ."