ಥಳಿ ಹೊಡೆಯದ ಮುಂಜಾನೆ

ನನಗೆ ಹಟ ಜಾಸ್ತಿ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆ ವಾರ ಹಟ ಹಿಡಿಯದೇ ಹೋಗಿದ್ದರೆ ನನ್ನ ಕಾರು ಹೋಗುತ್ತಿತ್ತು, ಅದರ ಬೆನ್ನಿಗೇ ನೌಕರಿಯೂ ಹೋಗುತ್ತಿತ್ತು.

ನಮ್ಮದು ಸವಣೂರು ತಾಲ್ಲೂಕಿನ ಹತ್ತಿಮತ್ತೂರು. ನಾನು ವಿಜ್ಞಾನ ಕಲಿಸುತ್ತಿದ್ದದ್ದು ಹಾನಗಲ್ಲಿನ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, ಅತಿಥಿ ಶಿಕ್ಷಕಿಯಾಗಿ. ಬಸ್ಸಿಗೆ ಹೋದರೆ ಎರಡು ಕಡೆ ಇಳಿದು ಹತ್ತಬೇಕು. ಎಷ್ಟು ಬೇಗ ಹೊರಟರೂ ಪ್ರಾರ್ಥನೆ ಮುಗಿದ ಮೇಲೆಯೇ ಮುಟ್ಟುತ್ತಿದ್ದೆ. "ಇನ್ನೊಮ್ಮೆ ತಡಾ ಆದ್ರ ಬ್ಯಾರೆಯವ್ರನ್ನ ನೋಡ್ಕೋತೇವ್ರಿ ಅಕ್ಕೋರ" ಎಂದು ಹೆಡ್ ಮಾಸ್ತರರು ಖಡಾಖಂಡಿತ ಹೇಳಿದ ಮೇಲೆ ಕೂಡಿಟ್ಟ ಸಂಬಳದಲ್ಲಿ ಹಳೆಯ ಸಣ್ಣ ಕಾರೊಂದನ್ನು ಕೊಂಡೆ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಕಾಗದಪತ್ರ ಮಾತ್ರ ಯಜಮಾನರ ಹೆಸರಿನಲ್ಲಿ. ನಮ್ಮ ಕಡೆ ಅದು ಹಾಗೆಯೇ, ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಒಂದು ಸಂಜೆ ಬಂಕಾಪುರದ ಹತ್ತಿರ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಎಂಜಿನ್ನಿನ ಬಿಸಿ ತೋರಿಸುವ ಕಾಟಾ ಕೆಂಪು ಗೆರೆ ಮುಟ್ಟಿತ್ತು. ನಾನು ಬದಿಗೆ ನಿಲ್ಲಿಸಿ ಫೋನು ಮಾಡಿದೆ. ಯಜಮಾನರು ಮೋಟಾರ್ ಸೈಕಲ್ ಏರಿ ಬಂದರು. ಹೆಲ್ಮೆಟ್ ತೆಗೆಯುವ ಮೊದಲೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರಿಗೆ ಅಂಜಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು.

"ಗೇರ್ ಹಾಕಾಕ ಬರಂಗಿಲ್ಲ ನಿನಗ. ಒಂದ ಸವನ ರೇಸ್ ಮಾಡಿದ್ರ ಎಂಜಿನ್ ಕಾಯದ ಇನ್ನೇನ ಆಗತೈತಿ?"

"ಗಾಡ್ಯಾಗ ಏನೋ ಐತ್ರಿ. ನಾ ಓಡ್ಸೋದ್ರಾಗ ಅಲ್ಲ" ಎಂದೆ.

"ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಳಂತ" ಎಂದರು.

ಸವಣೂರಿನ ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ತೊಳೆದರು, ಅದರ ಮುಚ್ಚಳ ಬದಲಿಸಿದರು, ಥರ್ಮೋಸ್ಟ್ಯಾಟ್ ಬೇಡವೇ ಬೇಡವೆಂದು ಕಿತ್ತು ನನ್ನ ಕೈಗೆ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಗಾಡಿ ಕಾಯುವುದು ನಿಲ್ಲಲಿಲ್ಲ. "ದಿನಾ ಮುಂಜಾನೆ ನೀರ ಹಾಕ್ಕೋತ ಓಡಸ್ರಿ, ಏನಾಗಂಗಿಲ್ಲ" ಎಂದರು. ಹಾಕಿದೆ. ದಿನಕ್ಕೊಂದು ತಂಬಿಗೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಯಜಮಾನರು ಹಿರೇಕೆರೂರಿನ ಪರಿಚಯದ ಗೋವಿನಜೋಳದ ವ್ಯಾಪಾರಿಯೊಬ್ಬರಿಗೆ ಗಾಡಿ ಕೊಡುವುದಾಗಿ ಹೇಳಿಬಿಟ್ಟಿದ್ದರು. ಕಾಯುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದ್ದರಂತೆ. ಬರುವ ಭಾನುವಾರ ಒಯ್ದು ಮುಟ್ಟಿಸಬೇಕು.

"ನನ್ನ ಸಾಲಿ?" ಎಂದೆ.

"ಹಾದ್ಯಾಗ ನಿನಗೇನರ ಆದ್ರ ಸಾಲಿ ತೊಗೊಂಡು ಏನ ಮಾಡ್ಲಿ? ಮಾತು ಕೊಟ್ಟೇನಿ. ಮುಗೀತು."

ಮುಗಿಯಲಿಲ್ಲ. ಬುಧವಾರ ಮುಂಜಾನೆ ತಂಬಿಗೆ ಹಿಡಿದು ಬಾನೆಟ್ ಎತ್ತಿದಾಗ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ದಿನಕ್ಕೊಂದು ತಂಬಿಗೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಹುಡುಕಿರಲಿಲ್ಲ. ಸೋರಿದರೆ ನೆಲ ಹಸಿಯಾಗಬೇಕು. ಬಗ್ಗಿ ನೋಡಿದೆ. ನೆಲ ಹಸಿಯಾಗಿಯೇ ಇತ್ತು. ದಿನವೂ ಹಸಿಯೇ. ನಮ್ಮ ಅತ್ತೆ ಬೆಳಕು ಹರಿಯುವ ಮೊದಲೇ ಎದ್ದು, ಸಗಣಿ ಕಲಸಿದ ನೀರಿನಿಂದ ಅಂಗಳಕ್ಕೆಲ್ಲ ಥಳಿ ಹೊಡೆದು, ರಂಗೋಲಿ ಹಾಕಿಯೇ ಚಹಾ ಕುಡಿಯುವವರು. ಅಂಗಳ ಇಳಿಜಾರು. ಎಲ್ಲಿ ಹೊಡೆದರೂ ನೀರು ಗಾಡಿಯ ಮೂತಿಯ ಕೆಳಗೇ ಹರಿದು ಬರುತ್ತದೆ. ಓಣಿಯಲ್ಲಿ ನಿಲ್ಲಿಸೋಣವೆಂದರೆ ಬಚ್ಚಲ ನೀರು, ಶಾಲೆಯಲ್ಲಿ ನಿಲ್ಲಿಸುವ ಜಾಗದಲ್ಲಿ ಮೊಣಕಾಲುದ್ದ ಹುಲ್ಲು. ಗಾಡಿ ಸೋರುತ್ತಿದ್ದರೂ ಅದರ ಗುರುತನ್ನು ನಾವೇ ದಿನಾ ತೊಳೆದು ಹಾಕುತ್ತಿದ್ದೆವು.

ರಾತ್ರಿ ಊಟಕ್ಕೆ ಕುಳಿತಾಗ ಅತ್ತೆಯನ್ನು ಕೇಳಿದೆ. "ಅತ್ತೀ, ನಾಳೆ ಒಂದಿನ ಥಳಿ ಹೊಡಿಬ್ಯಾಡ್ರಿ."

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಸತ್ತ ಮನ್ಯಾಗ ಥಳಿ ಹೊಡಿಯಂಗಿಲ್ಲ. ಮಂದಿ ಏನಂದಾರು?"

"ಅಂದ್ರ ಅನ್ಲಿ ಬಿಡ್ರಿ. ಬಂದವ್ರಿಗೆ ಚಾ ಕುಡಿಸಿ ಕಳಸ್ತೇನಿ."

"ನಾಲಿಗಿ ನೋಡು ಇಕಿದು."

ಯಜಮಾನರು ತಲೆ ಎತ್ತದೆ, "ಭಾನುವಾರ ಹೋಗೋ ಗಾಡಿಗೆ ಇದೆಲ್ಲ ಯಾಕ?" ಎಂದರು. ಆಗ ನನಗೆ ತಡೆಯಲಾಗಲಿಲ್ಲ. "ಅತ್ತೀ, ಗಾಡಿ ಹೋದ್ರ ನೌಕರಿ ಹೋಗತೈತಿ. ಮನ್ಯಾಗ ಕುಂತು ನಾ ಸಾಯ್ತೇನ್ರಿ" ಎಂದೆ. ಹೇಳುತ್ತಲೇ ಅಳು ಬಂತು. ಅತ್ತೆ ಮುರಿಯುತ್ತಿದ್ದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು. ಆಮೇಲೆ, "ನಾಳೆ ಒಂದ ದಿನ. ನಾಡದ ಶುಕ್ರವಾರ, ಅವತ್ತ ಕೇಳಿದ್ರ ಕೇಳಂಗಿಲ್ಲ" ಎಂದರು.

ಗುರುವಾರ ಬೆಳಕು ಹರಿಯುತ್ತಿದ್ದಂತೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿದೆ. ಒಣ ಅಂಗಳದಲ್ಲಿ ರೊಟ್ಟಿಯಷ್ಟಗಲ ಹಸಿ. ರೇಡಿಯೇಟರಿನ ಕೆಳಗಲ್ಲ, ಬದಿಗೆ, ಬೆಲ್ಟ್ ಇರುವ ಕಡೆ. ಫೋನಿನ ಬೆಳಕು ಮೇಲಕ್ಕೆ ಹಿಡಿದೆ. ಬೆಲ್ಟ್ ಸುತ್ತಿದ ಗಾಲಿಯ ಹಿಂದೆ ವಾಟರ್ ಪಂಪು. ಅದರ ಹೊಟ್ಟೆಯಲ್ಲಿ ಸೂಜಿಮೊನೆಗಿಂತ ಸ್ವಲ್ಪ ದೊಡ್ಡದೊಂದು ತೂತು. ತೂತಿನಿಂದ ಕೆಳಗೆ ಉಪ್ಪುಗಟ್ಟಿದ ಬಿಳಿ ಗೆರೆ. ಗೆರೆಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ನೋಡುತ್ತಿದ್ದಂತೆ ನನ್ನ ಕೆನ್ನೆಯ ಮೇಲೆ ಬಿತ್ತು. ಅಷ್ಟು ಖುಷಿ ನನಗೆ ಬಿ.ಎಡ್ ಪಾಸಾದ ದಿನವೂ ಆಗಿರಲಿಲ್ಲ.

ಆಗಲೇ ಎದುರು ಮನೆಯ ಮುದುಕಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಒರೆಸಿಕೊಳ್ಳುತ್ತ ಬಂದಳು. ಬಂದವಳಿಗೆ ಗಾಡಿಯ ಕೆಳಗಿನಿಂದ ಚಾಚಿದ ನನ್ನ ಎರಡು ಕಾಲು ಕಂಡವು.

"ಯವ್ವಾ, ಸೊಸಿ ಏನ?"

"ಯಾರಿಗೂ ಏನೂ ಆಗಿಲ್ಲ, ನಡಿಯವ್ವ" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಗಾಡಿಗೆ ಮೈಯಾಗ ಆರಾಮಿಲ್ಲ. ನಮ್ಮಾಕಿ ನೋಡಾಕತ್ತಾಳ."

ಯಜಮಾನರನ್ನು ಕರೆದು ಪಂಪಿನ ಗಾಲಿಯನ್ನು ಹಿಡಿದು ಅಲ್ಲಾಡಿಸಲು ಹೇಳಿದೆ. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಅವರು ಕೈ ಒರೆಸಿಕೊಂಡು ಒಳಗೆ ಹೋದರು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸುದ್ದಿ ಮಾತ್ರ ಇಲ್ಲ.

ಅವತ್ತೇ ಸಂಜೆ ಶಿಗ್ಗಾವಿಯ ಹಿರಿಯ ಮಿಸ್ತ್ರಿಯೊಬ್ಬರಿಗೆ ತೋರಿಸಿದೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. "ಬರೊಬ್ಬರಿ ಹಿಡದೀರಿ ಅಕ್ಕೋರ. ಒಳಗಿನ ಸೀಲ್ ಹೋದ್ರ ಗೊತ್ತಾಗ್ಲಿ ಅಂತನ ಈ ತೂತು ಬಿಟ್ಟಿರ್ತಾರ. ಮಂದಿ ಇದಕ್ಕ ಎಂಸೀಲ್ ಅಂಟು ಬಡದು, ತೂತು ಮುಚ್ಚಿ ಬರ್ತಾರ" ಎಂದು ನಕ್ಕರು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಪಂಪು ತರಿಸಿದರು. ಶನಿವಾರ ಶಾಲೆ ಅರ್ಧ ದಿನ, ನೆಟ್ಟಗೆ ಅಲ್ಲಿಗೆ ಹೋದೆ. ಎಂಜಿನ್ ತಣ್ಣಗಾಗುವವರೆಗೆ ಚಾಚಾ ಮುಟ್ಟಲಿಲ್ಲ. ಆಮೇಲೆ ನೀರು ಇಳಿಸಿ, ಬೆಲ್ಟ್ ಸಡಿಲಿಸಿ, ಹಳೆಯ ಪಂಪು ಬಿಚ್ಚಿದರು. ಬೋಲ್ಟುಗಳ ಉದ್ದ ಬೇರೆ ಬೇರೆ. ಯಾವುದು ಎಲ್ಲಿಯದೆಂದು ರಟ್ಟಿಗೆ ಚುಚ್ಚಿಟ್ಟರು. ಎಂಜಿನ್ನಿಗೆ ಅಂಟಿದ ಹಳೆಯ ಗ್ಯಾಸ್ಕೆಟ್ಟನ್ನು ಕೆರೆಯುವ ಕೆಲಸ ನಾನು ಕೇಳಿ ಇಸಿದುಕೊಂಡೆ. ಒಂದು ಚೂರು ಉಳಿದರೂ ಹೊಸ ಪಂಪೂ ಸೋರುತ್ತದಂತೆ. ಬೆರಳು ಆಡಿಸಿ ನೋಡುತ್ತ ಮುಕ್ಕಾಲು ತಾಸು ಕೆರೆದೆ. ಕಿತ್ತು ಕೊಟ್ಟಿದ್ದ ಥರ್ಮೋಸ್ಟ್ಯಾಟನ್ನೂ ಅದರ ಜಾಗಕ್ಕೆ ಕೂಡಿಸಿದರು. ಕೊನೆಗೆ ಕೂಲೆಂಟ್ ತುಂಬಿ, ಎಂಜಿನ್ ಚಾಲೂ ಮಾಡಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾದು ಮುಚ್ಚಳ ಹಾಕಿದೆವು.

ಭಾನುವಾರ ಹಿರೇಕೆರೂರಿಗೆ ನಾನೇ ಓಡಿಸಿದೆ. ಯಜಮಾನರು ಪಕ್ಕದಲ್ಲಿ ಕುಳಿತು ದಾರಿ ನೋಡದೆ ಕಾಟಾ ನೋಡುತ್ತಿದ್ದರು. ಹಾನಗಲ್ಲ ದಾಟಿತು, ಬಿಸಿಲು ಏರಿತು, ಕಾಟಾ ನಡುವಿನಿಂದ ಕದಲಲಿಲ್ಲ. ಗಾಡಿ ಸುಧಾರಿಸಿದಷ್ಟೂ ಕೊಳ್ಳುವವರಿಗೇ ಲಾಭ ಎಂದು ದಾರಿಯುದ್ದಕ್ಕೂ ನೆನೆಯುತ್ತಿದ್ದೆ.

ವ್ಯಾಪಾರಿ ಗಾಡಿಯನ್ನು ಒಂದು ಸುತ್ತು ಹಾಕಿ ಬಾನೆಟ್ ಎತ್ತಿದರು. "ಕಾಯತೈತಿ ಅಂದಿದ್ರಿ. ಇಷ್ಟ ದೂರ ಬಂದ್ರೂ ಛಲೋನ ಐತಲ್ರಿ. ಏನ ಮಾಡ್ಸಿದ್ರಿ?"

"ನಂಗ ಗೊತ್ತಿಲ್ಲರಿ. ಆಕಿನ್ನ ಕೇಳ್ರಿ" ಎಂದರು ಯಜಮಾನರು.

ನಾನು ಹೇಳಿದೆ. ವ್ಯಾಪಾರಿ ತಲೆದೂಗಿ, ಯಜಮಾನರ ಕಡೆಗೇ ತಿರುಗಿ, "ಹಂಗಾರ ಚಾವಿ ಕೊಡ್ರಿ" ಎಂದರು. ಯಜಮಾನರು ನನ್ನತ್ತ ಕೈ ಚಾಚಿದರು. ನಾನು ಮುಷ್ಟಿ ಬಿಚ್ಚಲಿಲ್ಲ.

"ನಾಳೆ ಸಾಲಿ ಐತ್ರಿ ನನಗ" ಎಂದೆ. ಅಷ್ಟೇ.

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡು, ಎರಡೂ ಕೈ ಜೋಡಿಸಿ ವ್ಯಾಪಾರಿಗೆ ಹೇಳಿದರು: "ತಪ್ಪಾತ್ರಿ. ನಂದಲ್ಲದ್ದನ್ನ ಕೊಡ್ತೇನಿ ಅಂತ ಮಾತು ಕೊಟ್ಟಿದ್ದೆ."

ಹೋಗಿ ಎಡಗಡೆಯ ಬಾಗಿಲು ತೆಗೆದು ಕುಳಿತರು.