ನನ್ನ ತಲೆಯ ಮೇಲಿನ ಆಣೆ

ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಪಡಸಾಲೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದೆ. ಲಿಂಗಸುಗೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅವತ್ತು ಬಸ್ಸಿಗೆ ಹೊತ್ತಾಗಿತ್ತು. ರೊಟ್ಟಿ ಹಂಚಿಗೆ ಹಾಕಿರಬೇಕು ಅಂದುಕೊಂಡೆ. ಆಮೇಲೆ ಒಳಗೆ ಕೊಡ ಉರುಳಿತು.

ಹೋಗಿ ನೋಡಿದರೆ ಅವ್ವ ಒಲೆಯ ಕಡೆಗೇ ವಾಲಿ ಬಿದ್ದಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು. ಸೆರಗು ಉರಿಗೆ ಇನ್ನೇನು ತಾಗುವಂತಿತ್ತು. ಎರಡೂ ಕಾಲು ಹಿಡಿದು ಎಳೆದೆ. ನಾನು ಅವತ್ತು ಮೊದಲಿನ ಬಸ್ಸಿಗೇ ಹೋಗಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ, ಕರಿಹಲಗೆಯ ಮುಂದೆ ನಿಂತಾಗಲೂ ಬರುತ್ತದೆ. ಮಕ್ಕಳು "ಟೀಚರ್" ಅಂದ ಮೇಲೆ ಬರೆಯುವುದು ಮುಂದುವರಿಯುತ್ತದೆ.

ಪಕ್ಕದ ಮನೆಯ ಚಾಚಿ ಓಡಿ ಬಂದು ಅವ್ವನ ಮುಷ್ಟಿಗೆ ತಮ್ಮ ಕೀಲಿಗೊಂಚಲು ತುರುಕಿದರು. "ಕಬ್ಬಿಣ ಹಿಡಿಸಬೇಕಮ್ಮಾ, ಗಟ್ಟಿ ಹಿಡಿ" ಅಂದರು. ಫಿಟ್ಸ್ ತಾನಾಗಿಯೇ ನಿಂತ ಮೇಲೆ ಆಟೋದಲ್ಲಿ ಸಿಂಧನೂರಿಗೆ ಕರೆದೊಯ್ದೆವು.

ಇದೆಲ್ಲ ಶುರುವಾದದ್ದು ಅಪ್ಪ ತೀರಿಕೊಂಡ ಮೇಲೆ. ಅವ್ವನಿಗೆ ನಿದ್ದೆ ಹೋಗಿತ್ತು. ಡಾಕ್ಟರೊಬ್ಬರು ಸ್ವಲ್ಪ ದಿನಕ್ಕೆಂದು ನಿದ್ದೆ ಗುಳಿಗೆ ಬರೆದುಕೊಟ್ಟರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ರಾತ್ರಿಗೆ ಒಂದು ಇದ್ದದ್ದು ಎರಡಾಯಿತು, ಆಮೇಲೆ ಮಧ್ಯಾಹ್ನವೂ ಬೇಕಾಯಿತು. ಒಂದು ಅಂಗಡಿಯವನು ಕೊಡದಿದ್ದರೆ ಇನ್ನೊಂದು ಅಂಗಡಿ, ಮಸ್ಕಿಯಲ್ಲಿ ಸಿಗದಿದ್ದರೆ ಲಿಂಗಸುಗೂರು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಮಾತಾಡುತ್ತಲೇ ತೂಕಡಿಸುತ್ತಿದ್ದಳು. ನಾನು ಅದನ್ನು ದುಃಖವೆಂದೇ ತಿಳಿದಿದ್ದೆ. ಒಂದು ದಿನ ಲಿಂಗಸುಗೂರಿನಿಂದ ಬರುವಾಗ ಮಸ್ಕಿಯಲ್ಲಿ ಇಳಿಯದೆ, ನಿದ್ದೆಯಲ್ಲೇ ಸಿಂಧನೂರು ಮುಟ್ಟಿಬಿಟ್ಟಳು. ಕಂಡಕ್ಟರ್ ಎಬ್ಬಿಸಿದರೆ ತನ್ನ ಊರು ಯಾವುದೆಂದು ಹೇಳಲು ಬಹಳ ಹೊತ್ತು ಬೇಕಾಯಿತಂತೆ. ಅವಳ ತಮ್ಮ, ನನ್ನ ಸೋದರಮಾವ, ವಳಕಮದಿನ್ನಿಯಲ್ಲಿ ಗದ್ದೆ ಮಾಡುತ್ತಾನೆ. ಅವನೇ ಹೋಗಿ ಕರೆತಂದ. ಅವಳ ಚೀಲದಲ್ಲಿ ಗುಳಿಗೆಗಳನ್ನು ಕಂಡವನೂ ಅವನೇ.

"ಆಣಿ ಮಾಡಿಸೋಣು," ಅಂದ ಮಾವ. "ನಾ ಸೆರೆ ಬಿಟ್ಟಿದ್ದು ಹಂಗ ಅಲ್ಲೇನಕ್ಕ? ಈಗ ಬಾಟ್ಲಿ ಕಂಡ್ರ ನಾನಾ ಓಡ್ತೀನಿ."

"ನೀ ಓಡ್ತಿ, ಬಾಟ್ಲಿ ನಿನ್ನ ಬೆನ್ನ ಹತ್ತಿ ಓಡ್ತದ," ಅಂದಳು ಅವ್ವ. ಬಹಳ ದಿನಗಳ ಮೇಲೆ ನಕ್ಕಿದ್ದಳು.

ನಮ್ಮ ಮನೆತನದಲ್ಲಿ ಚಟ ಬಿಡಿಸುವ ದಾರಿ ಅದೊಂದೇ. ಊರ ಗುಡ್ಡದ ಮೇಲಿನ ಗುಡಿಯಲ್ಲಿ ಅವ್ವ ಒಂದು ಕೈಯಿಂದ ಅರಿಶಿನದ ಭಂಡಾರ ಮುಟ್ಟಿದಳು, ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟಳು. "ಇನ್ನ ಗುಳಿಗಿ ಮುಟ್ಟಿದರ ಈಕಿ ಮ್ಯಾಲೆ ಆಣಿ," ಅಂದಳು. ಉಳಿದ ಗುಳಿಗೆಗಳನ್ನು ಮಾವ ಬಚ್ಚಲಿಗೆ ಸುರಿದ. ಅವ್ವ ಮಾತಿಗೆ ತಪ್ಪಲಿಲ್ಲ. ಕೈ ನಡುಗಿದರೂ, ಮೈಯೆಲ್ಲ ಬೆವತರೂ, ಗೋಡೆಗೆ ಒರಗಿ ಸುಮ್ಮನೆ ಕೂತಳು. ಅವಳು ಒಲೆಯ ಮುಂದೆ ಬಿದ್ದದ್ದು ಅದಾದ ಕೆಲವೇ ದಿನಕ್ಕೆ.

ಸಿಂಧನೂರಿನ ಡಾಕ್ಟರು ಎಲ್ಲ ಕೇಳಿ ಮಾವನ ಕಡೆ ನೋಡಿದರು. "ಇದನ್ನ ಮೆಟ್ಟಲ ಇಳದಂಗ ಇಳಿಸ್ಬೇಕ್ರಿ. ನೀವು ಮಾಳಿಗಿ ಮ್ಯಾಲಿಂದ ದೂಡೀರಿ," ಅಂದರು. ಅದೇ ಗುಳಿಗೆ ಮತ್ತೆ ಶುರು ಮಾಡಬೇಕು, ತಿಂಗಳುಗಟ್ಟಲೆ ಚೂರುಚೂರೇ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಫಿಟ್ಸ್ ಮತ್ತೆ ಬರುತ್ತದೆ, ಮುಂದಿನ ಸಲ ಉಳಿಯುತ್ತಾಳೆಂದು ಹೇಳಲಾಗದು ಎಂದರು.

ಅವ್ವ ತುಟಿ ಬಿಗಿದು ಗೋಡೆಗೆ ಮುಖ ಮಾಡಿದಳು.

"ನುಂಗಂಗಿಲ್ಲ. ನನಗ ಇರಾಕಿ ಇವಳೊಬ್ಬಾಕಿ."

"ಅಕ್ಕಾ, ನಾ ಗುಡ್ಡ ಹತ್ತಿ ತಪ್ಪಾತು ಅಂತ ಬೀಳ್ತೀನಿ," ಅಂದ ಮಾವ.

"ಬಿದ್ದರ ದೇವರು ನಿನಗ ಆಯ್ತು ಅಂತಾನೇನು? ನೀ ಬಂದು ಆಯ್ತು ಅಂದ ಅಂದ್ರ ನಾ ನಂಬಬೇಕಾ?"

ಓದಿದವಳು ನಾನು. ಮಿದುಳು, ನರ, ಔಷಧ ಎಂದು ಏನೇನೋ ಹೇಳಿದೆ. ಅವಳು ಎಲ್ಲ ಕೇಳಿ ನನ್ನ ಕೆನ್ನೆ ಸವರಿದಳು, ಅಷ್ಟೇ. ನನ್ನ ಜೀವಕ್ಕೆಂದು ಅವಳು ಸಾಯಲು ತಯಾರಾಗಿದ್ದಳು, ಅದೂ ನನ್ನ ಕಣ್ಣೆದುರೇ. ಕಡೆಗೆ ಅವಳ ಕೈ ಎಳೆದು ನನ್ನ ನೆತ್ತಿಯ ಮೇಲಿಟ್ಟುಕೊಂಡೆ.

"ತಲಿ ನಂದಲ್ಲೇನು? ಇದರ ಮ್ಯಾಲಿಟ್ಟ ಆಣಿ ನಾನಾ ಇಳಸ್ತೀನಿ. ಏನಾದ್ರೂ ಆದ್ರ ನಂದು ನಾ ನೋಡ್ಕೋತೀನಿ. ನುಂಗು ಯವ್ವಾ."

ಗುಳಿಗೆಗೆ ಬಾಯಿ ತೆರೆದಳು. ಆದರೆ ಒಂದು ಕರಾರು ಹಾಕಿದಳು. ಪ್ರತಿ ಸಲವೂ ನಾನು ಎದುರಿಗೆ ಕೂರಬೇಕು, ನನ್ನನ್ನು ನೋಡಿಕೊಂಡೇ ನುಂಗುತ್ತಾಳೆ.

ಹಾಗೇ ನಡೆಯಿತು. ಗುಳಿಗೆಯನ್ನು ಬ್ಲೇಡಿನಲ್ಲಿ ಅರ್ಧ ಮಾಡುತ್ತಿದ್ದೆ, ಕೆಲವು ವಾರಗಳ ನಂತರ ಕಾಲು. ನುಂಗಿದ ಮೇಲೆ ನನ್ನ ಹಣೆ ಮುಟ್ಟುತ್ತಿದ್ದಳು. ಪ್ರಮಾಣ ಇಳಿಸಿದ ದಿನಗಳಲ್ಲಿ ಸಿಡುಕುತ್ತಿದ್ದಳು, ಅಪ್ಪನನ್ನು ಬೈಯುತ್ತಿದ್ದಳು, ಸದ್ದಿಲ್ಲದೆ ಅಳುತ್ತಿದ್ದಳು. ಮನೆಗೆ ಬರುವವರು ಕಡಿಮೆಯಾದರು. ಮಾವ ಬಂದರೂ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ.

ಚಳಿಗಾಲದಲ್ಲಿ ನನಗೆ ಜ್ವರ ಬಂತು. ಅವ್ವನಿಗೆ ತಿಳಿದರೆ ಆಣೆ ತಟ್ಟಿತೆಂದು ಅವತ್ತೇ ಗುಳಿಗೆ ಬಿಡುತ್ತಾಳೆ. ಬಿಟ್ಟರೆ ಮತ್ತೆ ಒಲೆ, ಮತ್ತೆ ಸೆರಗು. ಹೀಗಾಗಿ ನಾನು ಜ್ವರ ಬಂದವಳೇ ಅಲ್ಲ ಎಂಬಂತಿದ್ದೆ. ಅವಳೆದುರು ಕೂರುವ ಮೊದಲು ತಣ್ಣೀರಿನಲ್ಲಿ ಮುಖ ತೊಳೆದು ಹಣೆಗೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಿದ್ದೆ. ಶಾಲೆಗೆ ಹೊರಟಂತೆ ಹೊರಟು ಲಿಂಗಸುಗೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚೀಲ ತಲೆದಿಂಬು ಮಾಡಿ ಮಲಗುತ್ತಿದ್ದೆ. ಮುದಗಲ್ ಬಸ್ಸು ಬಂದು ಹೋಗುವುದು ಕೇಳುತ್ತಿತ್ತು. ಹೇಗಿದ್ದೀಯ ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಿದ್ದರೂ ಹೇಳುವಂತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಗುಳಿಗೆ ಪೂರ್ತಿ ನಿಂತಿತು. ಫಿಟ್ಸ್ ಮತ್ತೆ ಬರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಇಬ್ಬರೂ ತೊಗರಿ ಬೇಳೆ ಆರಿಸುತ್ತಾ ಕೂತಿದ್ದಾಗ ಧೈರ್ಯ ಮಾಡಿ ಹೇಳಿದೆ.

"ಅವ್ವಾ, ಚಳಿಗಾಲದಾಗ ನನಗ ಜ್ವರ ಬಂದಿದ್ವು."

ಅವಳು ತಲೆ ಎತ್ತಲಿಲ್ಲ. "ಗೊತ್ತಿತ್ತು ಬೇ. ಹಣಿ ತಣ್ಣಗಿತ್ತು, ಗುಳಿಗಿ ಕೊಡೋ ಕೈ ಸುಡಾಕತ್ತಿತ್ತು."

"ಮತ್ತ ಗುಳಿಗಿ ನುಂಗಿದಿ?"

"ನುಂಗಿದೆ. ನುಂಗಿ, ನೀ ಸಂಜಿಕಿ ಬರೋತನ ಬಾಗಲದಾಗ ಕುಂತಿರತಿದ್ದೆ."

ಆ ಸಂಜೆಗಳಲ್ಲಿ ಅವಳು ಹೊಸ್ತಿಲ ಹತ್ತಿರ ಕೂತಿರುವುದನ್ನು ನಾನು ದಿನಾ ಕಂಡಿದ್ದೆ. ರಾತ್ರಿಯ ಗುಳಿಗೆಗೆ ಕಾಯುತ್ತಿದ್ದಾಳೆ ಅಂದುಕೊಂಡು, ಮಾತಾಡಿಸದೆ ದಾಟಿ ಒಳಗೆ ಹೋಗುತ್ತಿದ್ದೆ.