ಗೂಬೆರಾಯನ ಒಳಪದರಗಳು

ಬೀದಿಯವರೆಲ್ಲ ಅವಳನ್ನು ಜಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಹೊಸ ಬಟ್ಟೆ ಹೊಲಿಯುವುದು ಅವಳ ಕೆಲಸವಲ್ಲ. ಕೆಟ್ಟ ಜಿಪ್ಪು ಬದಲಿಸುವುದು, ಉದ್ದವಾದದ್ದನ್ನು ಮೊಟಕು ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಸಡಿಲವಾದದ್ದನ್ನು ಹಿಡಿಯುವುದು, ಇಷ್ಟೇ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ಕಿಟಕಿಯೇ ಕೌಂಟರು. ಇಪ್ಪತ್ತೆರಡು ವರ್ಷ ಆ ಕಿಟಕಿಯ ಹಿಂದೆ ಕೂತವಳಿಗೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಬೇರೆಯವರು ಬಂದು ಹೇಳಬೇಕಾಗಿರಲಿಲ್ಲ. ಕೆಲಸ ಕಳಕೊಂಡವನ ಪ್ಯಾಂಟು ಎರಡೇ ತಿಂಗಳಲ್ಲಿ ಸೊಂಟದಿಂದ ಜಾರುತ್ತದೆ. ಯಾರಿಗೂ ಹೇಳದೆ ಬಸುರಾದವಳ ಸ್ಕರ್ಟಿನ ಕೊಕ್ಕೆ ಮೂರನೇ ತಿಂಗಳಿಗೇ ಹಟ ಹಿಡಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬ್ಯಾಂಕಿನ ಕಾವಲುಗಾರನ ಪ್ಯಾಂಟನ್ನು ವರ್ಷಕ್ಕೊಂದು ಇಂಚು ಬಿಡಿಸುತ್ತಾ, "ಈಗಿನ ಬಟ್ಟೆಗಳೇ ಹೀಗೆ ಸಾರ್, ನೀರು ಕಂಡ್ರೆ ಕುಗ್ಗಿ ಹೋಗ್ತವೆ" ಎನ್ನುತ್ತಿದ್ದಳು. ಅವನೂ ಒಂಬತ್ತು ವರ್ಷದಿಂದ ಬಟ್ಟೆ ಗಿರಣಿಗಳನ್ನು ಬೈದುಕೊಂಡು ಸುಖವಾಗಿದ್ದ. ಟೇಪು ಕಂಡದ್ದನ್ನು ಬಾಯಿ ಆಡಬಾರದು ಎಂಬುದು ಅವಳ ವೃತ್ತಿಧರ್ಮ. ಒಳ್ಳೆಯ ಗುಣವೇ, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯ ಗುಣಕ್ಕೂ ಎಲ್ಲಿ ನಿಲ್ಲಬೇಕೆಂದು ಗೊತ್ತಿರಬೇಕಲ್ಲ.

ಮನೆಯಲ್ಲಿದ್ದವರು ಮೂರೇ ಜನ: ಜಿಪ್ಪಕ್ಕ, ಕಣ್ಣಿಗೆ ಪೊರೆ ಬಂದಿದ್ದ ಅಮ್ಮ, ಮತ್ತು ತಮ್ಮ. ತಮ್ಮ ಲಿಫ್ಟ್ ರಿಪೇರಿಯವನು. ಮೂವತ್ತನಾಲ್ಕು ತುಂಬಿದ್ದರೂ ತಲೆಯ ತುಂಬ ಹಾರುವ ವೀರರೇ. ಅವನದೇ ಒಬ್ಬ ವೀರನಿದ್ದ, ಹೆಸರು ಗೂಬೆರಾಯ. ಲಿಫ್ಟಿನ ಕತ್ತಲೆ ಬಾವಿಯಲ್ಲಿ ವಾಸ, ಹಗ್ಗ ಹರಿದರೆ ಕೆಳಗಿಂದ ಹಾರಿ ಬಂದು ಡಬ್ಬಿಯನ್ನು ಹೆಗಲ ಮೇಲೆ ಹೊರುವವನು.

"ನಿಂಗೆ ಬೇರೆ ಪ್ರಾಣಿ ಸಿಗ್ಲಿಲ್ವೇನೋ? ಹೋಗಿ ಹೋಗಿ ಗೂಬೆನಾ?" ಎಂದು ಅಮ್ಮ ಗೊಣಗಿದಾಗ, "ಎಲ್ರೂ ಅದರ ಮೇಲೆ ಕೆಟ್ಟ ಹೆಸರು ಹೊರಿಸಿದಾರಮ್ಮ, ಪಾಪ, ನಾನಾದ್ರೂ ಒಳ್ಳೆ ಕೆಲಸ ಕೊಡ್ತೀನಿ" ಎಂದಿದ್ದ.

ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣವೊಂದರಲ್ಲಿ ವೇಷದ ಸ್ಪರ್ಧೆ ನಡೆಯುತ್ತಿತ್ತು. ಮೊದಲ ವರ್ಷ ರಟ್ಟಿನ ಕವಚ ತೊಟ್ಟು ಹೋದ. ನಮಸ್ಕಾರ ಮಾಡಲು ಬಗ್ಗಿದ್ದೇ ತಡ, ಹಿಂದಿನಿಂದ ಬಿರಿದು ವೇದಿಕೆಯ ಮೇಲೆ ಮಾನ ಹೋಯಿತು. ಎರಡನೇ ವರ್ಷ ರೆಕ್ಕೆ ಬಾಗಿಲಲ್ಲಿ ಸಿಕ್ಕಿಕೊಂಡು ಅವನು ಒಳಗೇ ಹೋಗಲಾಗಲಿಲ್ಲ. ಮೂರನೇ ಸಲ ಅಕ್ಕ ಟೊಂಕ ಕಟ್ಟಿ ನಿಂತಳು. "ನನ್ನ ತಮ್ಮನ ಬಟ್ಟೆ ಬಿರಿದ್ರೆ ಬೀದಿ ಜನ ನನ್ನ ಕಿಟಕಿಗೆ ಬರ್ತಾರೇನೋ?" ಎಂದು ಗದರಿ ಕೆಲಸ ಕೈಗೆತ್ತಿಕೊಂಡಳು.

ಮೊದಲು ಆಗಬೇಕಾದದ್ದು ಅವನ ಮೈಯದೇ ಒಂದು ಗೊಂಬೆ. ಮಾರ್ಚಿನ ಒಂದು ಭಾನುವಾರ ಬೆಳಗ್ಗೆ ಅವನಿಗೆ ಹಳೆಯ ಬನಿಯನ್ನು ತೊಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಬೂದು ಬಣ್ಣದ ಅಂಟುಪಟ್ಟಿಯನ್ನು ಎಳೆದೆಳೆದು ಅಂಟಿಸಿದಳು. ನಾಲ್ಕು ಸುರುಳಿ ಮುಗಿದವು. "ನಗಬೇಡ, ಅಳತೆ ಕೆಡುತ್ತೆ" ಎಂದಷ್ಟೂ ಅವನು ನಗುತ್ತಿದ್ದ. ಕೊನೆಗೆ ಬೆನ್ನುದ್ದಕ್ಕೂ ಕತ್ತರಿಸಿ ಅವನನ್ನು ಆಚೆ ತೆಗೆದು, ಖಾಲಿ ಸಿಪ್ಪೆಯೊಳಗೆ ಚಿಂದಿ ಬಟ್ಟೆ ತುರುಕಿ, ಕೆಟ್ಟುಹೋದ ಸ್ಟ್ಯಾಂಡ್ ಫ್ಯಾನಿನ ಕಂಬಕ್ಕೆ ಸಿಕ್ಕಿಸಿದಳು. ತಲೆಯಿಲ್ಲ, ಮುಂಗೈಯಿಲ್ಲ, ಆದರೂ ಅವನೇ. ಹತ್ತು ವರ್ಷ ಉಪಕರಣದ ಚೀಲ ಹೊತ್ತು ಇಳಿದಿದ್ದ ಎಡ ಹೆಗಲು ಗೊಂಬೆಯಲ್ಲೂ ಹಾಗೆಯೇ ಇಳಿದಿತ್ತು. ಎದೆ ಮೂವತ್ತೆಂಟು ಇಂಚು.

ಗೊಂಬೆಗೆ ನಡುಮನೆಯಲ್ಲಿ ಜಾಗವಾಯಿತು. ತಮ್ಮ ಹಗಲೆಲ್ಲ ಕೆಲಸಕ್ಕೆ ಹೋಗುತ್ತಿದ್ದುದರಿಂದ ಜಿಪ್ಪಕ್ಕ ಅದಕ್ಕೇ ತೊಡಿಸಿ ತೊಡಿಸಿ ನೋಡಿದಳು. ವ್ಯಾಯಾಮದ ಫೋಮ್ ಚಾಪೆಗಳನ್ನು ಕತ್ತರಿಸಿ, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಬಗ್ಗಿಸಿ, ಎದೆಗವಚ ಮಾಡಿದಳು. ಇನ್ನೂರಕ್ಕೂ ಹೆಚ್ಚು ಗರಿಗಳನ್ನು ಒಂದೊಂದಾಗಿ ಅಂಟಿಸಿದಳು. ಕಿಟಕಿಯಲ್ಲಿ ಗಿರಾಕಿಗಳು ಜಿಪ್ಪು ಹಿಡಿದು ಕಾಯುತ್ತಿದ್ದರೂ ಅವಳ ಕಣ್ಣೆಲ್ಲ ಒಳಗೇ.

ಮಧ್ಯಾಹ್ನದ ಬಿಸಿಲಿಗೆ ಅಂಟುಪಟ್ಟಿ ಸಡಿಲಗೊಂಡು ಗೊಂಬೆಯೊಳಗಿಂದ ಚಟ್, ಚಟ್ ಎಂದು ಸದ್ದು ಬರುತ್ತಿತ್ತು. ಒಮ್ಮೆ ರೆಕ್ಕೆ ಅಂಟಿಸುತ್ತಾ ಯಾವುದೋ ಲಹರಿಯಲ್ಲಿ "ಸ್ವಲ್ಪ ಈ ಕಡೆ ತಿರುಗೋ" ಎಂದುಬಿಟ್ಟಳು. ಗೊಂಬೆ ತಿರುಗಿತು. ಫ್ಯಾನಿನ ಕತ್ತು ಸಡಿಲವಾಗಿತ್ತು, ರೆಕ್ಕೆಯ ಭಾರ ಒಂದು ಕಡೆಗಿತ್ತು, ಕಾರಣ ಅಷ್ಟೇ. ಕಾರಣ ಗೊತ್ತಿದ್ದರೂ ಅವಳು ಆ ಮಧ್ಯಾಹ್ನ ಮತ್ತೆ ನಡುಮನೆಗೆ ಹೋಗಲಿಲ್ಲ.

ಏಪ್ರಿಲ್ ಕೊನೆಯಲ್ಲಿ ತಮ್ಮನಿಗೆ ಮೊದಲ ಸಲ ಕವಚ ತೊಡಿಸಿದಳು. ಗೊಂಬೆಯ ಮೇಲೆ ಚರ್ಮದಂತೆ ಕೂತಿದ್ದ ಕವಚಕ್ಕೂ ಅವನ ಎದೆಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಯಿತು.

"ಫೋಮು ಬಿಸಿಗೆ ಹಿಗ್ಗಿರ್ಬೇಕು" ಎಂದಳು.

"ಹಿಗ್ಗಿರುತ್ತೆ" ಎಂದ ಅವನು, ಗೋಡೆ ನೋಡುತ್ತಾ.

ಒಳಗೊಂದು ಪದರ ಅಂಟಿಸಿದಳು. ಮೇ ತಿಂಗಳಲ್ಲಿ ಮತ್ತೆ ಸಡಿಲವಾಯಿತು. ಇನ್ನೊಂದು ಪದರ. ಜೂನಿನಲ್ಲಿ ಎರಡು. ತೋಳಿಗೆ, ತೊಡೆಗೆ ಬೇರೆ ಬೇರೆ. ಬೇರೆ ಯಾರಾದರೂ ಗಿರಾಕಿಯಾಗಿದ್ದರೆ ಮೊದಲ ಪದರಕ್ಕೇ ಅವಳಿಗೆ ಎಲ್ಲ ತಿಳಿದುಹೋಗುತ್ತಿತ್ತು. ಇಲ್ಲೂ ತಿಳಿದಿತ್ತು, ಆದರೆ ತಿಳಿದದ್ದನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುವ ಧೈರ್ಯ ಇರಲಿಲ್ಲ. ಅದರ ಬದಲು ಗೊಂಬೆಯ ಮೇಲೆ ಅನುಮಾನ ಹುಟ್ಟಿತು. ತಮ್ಮನ ಮೈಯಿಂದ ಇಳಿದದ್ದೆಲ್ಲ ಇದಕ್ಕೆ ಹೋಗಿ ಸೇರುತ್ತಿದೆಯೋ ಏನೋ ಎನಿಸತೊಡಗಿತು. ಬೀದಿಯಲ್ಲಿ ಯಾರಾದರೂ ಹಾಗೆಂದಿದ್ದರೆ ಅವಳೇ ಬಿದ್ದು ಬಿದ್ದು ನಗುತ್ತಿದ್ದಳು. ಒಂದು ದಿನ ನಡುಮನೆಯ ಬಾಗಿಲು ಹಾಕಿಕೊಂಡು ಗೊಂಬೆಗೆ ಟೇಪು ಸುತ್ತಿ ಅಳೆದಳು. ಮೂವತ್ತೆಂಟು. ಒಂದು ಕೂದಲೆಳೆಯೂ ಹೆಚ್ಚಿಲ್ಲ. ಹೆಚ್ಚಾಗಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು. ಅವಳಿಗೆ ಆಗ ಬಂದ ಭಯ ಹಿಂದೆಂದೂ ಬಂದಿರಲಿಲ್ಲ.

ಅದೇ ವಾರ ಒಗೆಯಲು ಹಾಕಿದ್ದ ಅವನ ಪ್ಯಾಂಟಿನಿಂದ ಬೆಲ್ಟು ಎಳೆದಾಗ ನಾಲ್ಕು ಹೊಸ ತೂತು ಕಂಡವು. ಅಂಗಡಿಯ ತೂತಲ್ಲ, ಡ್ರಿಲ್ಲಿನಿಂದ ಕೊರೆದವು. ಸಂಜೆ ಅವನು ಬಂದಾಗ ಬೆಲ್ಟು ಎದುರಿಗೆ ಹಿಡಿದಳು.

"ಏನೋ ಇದು?"

"ಕೆಲಸ ಜಾಸ್ತಿ ಅಕ್ಕ. ಹತ್ತಿ ಇಳಿದು ಹತ್ತಿ ಇಳಿದು ಕರಗಿದೀನಿ."

"ಊಟ ಸೇರ್ತಿಲ್ಲ ಅಲ್ವಾ?"

ಅವನು ಅಮ್ಮ ಇದ್ದ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಸ್ಪರ್ಧೆ ಮುಗೀಲಿ. ಆಮೇಲೆ ಡಾಕ್ಟ್ರು, ಗೀಕ್ಟ್ರು ಎಲ್ಲ ನೋಡೋಣ. ಒಂದ್ಸಲ ಆಸ್ಪತ್ರೆ ಒಳಗೆ ಹೋದ್ರೆ ಏನಂತ ಹೇಳ್ತಾರೋ... ಅಮ್ಮಂಗೆ ಹೇಳ್ಬೇಡ. ನೀನು ಯಾರ್ದೂ ಯಾರಿಗೂ ಹೇಳೋಳಲ್ಲ ಅಲ್ವಾ? ಇನ್ನೊಂದು ಪದರ ಹಾಕು" ಎಂದ.

ಇಪ್ಪತ್ತೆರಡು ವರ್ಷ ಯಾವುದನ್ನು ಹೆಮ್ಮೆಯಿಂದ ಹೊತ್ತಿದ್ದಳೋ ಅದನ್ನೇ ಅವನು ಕೈಚಾಚಿ ಕೇಳಿದ್ದ. ಅವಳು ಇನ್ನೊಂದು ಪದರ ಹಾಕಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿ ನಗುತ್ತೇವೆ. ಈ ಮನೆಯಲ್ಲಿ ಇಬ್ಬರು ಬುದ್ಧಿವಂತರು ಕಣ್ಣು ಮುಚ್ಚಿ ಕೂತಿದ್ದರು.

ಕವಚ ಮಾತ್ರ ದಿನದಿಂದ ದಿನಕ್ಕೆ ಅದ್ಭುತವಾಯಿತು. ಹುಬ್ಬಿನ ಮೇಲೆ ಗರಿ, ಕಣ್ಣಿಗೆ ಹಳದಿ ಗಾಜು, ಕತ್ತಿನ ತನಕ ಮುಚ್ಚುವ ಮುಖವಾಡ. ಅದನ್ನು ತೊಟ್ಟು ಅವನು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ನೆಲ ಅದುರುವ ಹಾಗಿತ್ತು. ಬಿಚ್ಚಿದಾಗ ಒಳಗಿನಿಂದ ಬರುತ್ತಿದ್ದವನನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ. ಅಮ್ಮನ ಮಂಜುಗಣ್ಣಿಗೆ ಕಾಣುತ್ತಿದ್ದದ್ದು ಆಕಾರವೊಂದೇ. "ನನ್ ಮಗ ಈಗ ಮೈಕೈ ತುಂಬ್ಕೊಂಡಿದಾನೆ" ಎಂದು ಕಿಟಕಿಗೆ ಬಂದ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡಳು. ಬೆಳಗ್ಗೆ ಕತ್ತಲಿರುವಾಗಲೇ ಹೊರಟು, ಬಂದೊಡನೆ ಹೊದಿಕೆಯೊಳಗೆ ಸೇರುತ್ತಿದ್ದ ಮಗನನ್ನು ಅವಳು ಮುಟ್ಟಿ ಎಷ್ಟು ದಿನವಾಗಿತ್ತೋ.

ಸ್ಪರ್ಧೆಗೆ ಇನ್ನು ಮೂರು ದಿನ. ಮಟಮಟ ಮಧ್ಯಾಹ್ನ. ಜಿಪ್ಪಕ್ಕ ದಾರ ತರಲು ಹೋಗಿದ್ದವಳು ಮನೆಗೆ ಕಾಲಿಡುವಾಗ ನಡುಮನೆಯಿಂದ ಅಮ್ಮನ ಮಾತು ಕೇಳಿಸಿತು.

"ಇವತ್ತು ಬೇಗ ಬಂದ್ಯಾ? ಊಟ ಮಾಡಿದ್ಯೇನಪ್ಪ? ಹೀಗೇ ಇರು. ಹೀಗೇ ಗಟ್ಟಿಯಾಗಿರು."

ಮರುಮಾತು ಕೇಳಿಸಲಿಲ್ಲ. ಚಟ್ ಎಂದು ಒಂದು ಸದ್ದು, ಅಷ್ಟೇ.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಒಳಪದರಗಳಿಂದಾಗಿ ಬೆನ್ನ ಕಡೆ ಕೂಡದಿದ್ದರೂ ಪೂರ್ತಿ ಕವಚ ತೊಟ್ಟಿದ್ದ ಗೊಂಬೆ ಕಿಟಕಿಯ ಬೆಳಕಿನಲ್ಲಿ ನಿಂತಿತ್ತು. ಅಮ್ಮ ಅದರ ಇಳಿದ ಹೆಗಲ ಮೇಲೆ ಕೈಯಿಟ್ಟು ಸವರುತ್ತಿದ್ದಳು. ಅವರಿಂದ ಮೂರು ಮಾರು ದೂರದಲ್ಲಿ, ಗೋಡೆಯ ಬದಿಯ ಸ್ಟೂಲಿನ ಮೇಲೆ, ತಮ್ಮ ಕೂತಿದ್ದ. ಕೆಲಸದ ನಡುವೆ ತಲೆ ಸುತ್ತಿತೆಂದು ಮನೆಗೆ ಕಳಿಸಿದ್ದರಂತೆ. ಗೋಡೆಗೆ ಒರಗಿ, ಕೈ ಮಡಿಲಲ್ಲಿಟ್ಟು, ಅಮ್ಮ ಮಾತಾಡುವುದನ್ನು ನೋಡುತ್ತಿದ್ದ. ಅಮ್ಮನಿಗೆ ಅವನು ಕಂಡಿರಲೇ ಇಲ್ಲ. ಗೋಡೆಗೂ ಅವನಿಗೂ ವ್ಯತ್ಯಾಸ ತಿಳಿಯುವಷ್ಟು ಅವನು ಉಳಿದಿರಲಿಲ್ಲ.

ಅಕ್ಕನನ್ನು ನೋಡಿ ಅವನು ತುಟಿಯ ಮೇಲೆ ಬೆರಳಿಟ್ಟ. ನಕ್ಕ ಕೂಡ.

ಆ ನಗು ನೋಡಿ ಜಿಪ್ಪಕ್ಕ ತಂದಿದ್ದ ದಾರವನ್ನು ಹೊಸಿಲ ಮೇಲೇ ಇಟ್ಟಳು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಆ ಸ್ಟೂಲು ಖಾಲಿಯಾಗುತ್ತದೆ. ಅಮ್ಮನಿಗೆ ಗೊತ್ತೇ ಆಗುವುದಿಲ್ಲ, ಮಗ ನಡುಮನೆಯಲ್ಲಿ ಗಟ್ಟಿಯಾಗಿ ನಿಂತೇ ಇರುತ್ತಾನೆ. ಅಂಥ ಮಗನನ್ನು ಮಾಡಿಕೊಟ್ಟವಳು ತಾನೇ.

ಕೊರಳಲ್ಲಿದ್ದ ಟೇಪು ತೆಗೆದು ನೆಟ್ಟಗೆ ಸ್ಟೂಲಿನ ಹತ್ತಿರ ಹೋದಳು. "ಅಕ್ಕ, ಬೇಡ" ಎಂದ. ಅವನ ಎದೆಗೆ ಟೇಪು ಸುತ್ತಿ, ಬೀದಿಗೇ ಕೇಳುವಂತೆ ಕೂಗಿದಳು, "ಎದೆ ಮೂವತ್ತೆರಡು! ಮಾರ್ಚಿನಲ್ಲಿ ಮೂವತ್ತೆಂಟಿತ್ತು. ತೋಳು ಒಂಬತ್ತೂವರೆ! ಹದಿಮೂರಿತ್ತು."

ಅಮ್ಮ ತಿರುಗಿದಳು. "ಯಾರದ್ದೇ ಅಳತೆ ಅದು? ಯಾರೇ ಬಂದಿರೋದು?"

"ನಿನ್ನ ಮಗ."

"ಇವನು ಇಲ್ಲಿದಾನಲ್ಲೇ."

ಜಿಪ್ಪಕ್ಕ ಅಮ್ಮನ ಕೈ ಹಿಡಿದು ತಂದು ಅವನ ತೋಳಿನ ಮೇಲಿಟ್ಟಳು. ಮುದುಕಿಯ ಬೆರಳು ತೋಳನ್ನು ಸುತ್ತಿಕೊಂಡವು, ಹೆಬ್ಬೆರಳು ಹೋಗಿ ನಡುಬೆರಳಿಗೆ ತಾಗುವುದರಲ್ಲಿತ್ತು. ಅವಳು ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

"ಯಾರಪ್ಪ ನೀನು?"

"ನಾನೇ ಅಮ್ಮ" ಎಂದ. ದನಿ ಮಾತ್ರ ಮೊದಲಿನದೇ ಆಗಿತ್ತು.

ಅಮ್ಮ ನಂಬಲಿಲ್ಲ. ತಡವರಿಸುತ್ತಾ ಗೊಂಬೆಯ ಹತ್ತಿರ ಹೋಗಿ ಅದರ ದಪ್ಪ ತೋಳನ್ನು ಹಿಡಿದು ನಿಂತಳು. ಜಿಪ್ಪಕ್ಕ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಕವಚ ಬಿಚ್ಚಿ, ಒಳಗೆ ಕೈಹಾಕಿ ಪದರಗಳನ್ನು ಕಿತ್ತಳು. ಗಮ್ಮು ಪರ್ರೆಂದು ಬಿಟ್ಟುಕೊಂಡಿತು. ಒಂದೊಂದನ್ನೇ ಅಮ್ಮನ ಮಡಿಲಿಗೆ ಹಾಕುತ್ತಾ ಹೋದಳು.

"ಇದು ಏಪ್ರಿಲ್. ಇದು ಮೇ. ಇವೆರಡೂ ಜೂನು. ಇದು ಮೊನ್ನೆ ಹಾಕಿದ್ದು. ಇಷ್ಟು ಹೋಗಿದೆ ಅಮ್ಮ, ಅವನಿಂದ ಇಷ್ಟು ಹೋಗಿದೆ."

ಅಮ್ಮ ಆ ಕಪ್ಪು ಫೋಮಿನ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ದಪ್ಪ ಎಷ್ಟೆಂದು ಬೆರಳಲ್ಲಿ ಹಿಡಿದು ನೋಡಿದಳು. ತಮ್ಮ ತಲೆ ತಗ್ಗಿಸಿದ್ದ. ಕಿಟಕಿಯಲ್ಲಿ ಯಾರೋ "ಜಿಪ್ಪಕ್ಕಾ" ಎಂದು ಕರೆದು, ಉತ್ತರ ಬಾರದೆ ಹೊರಟುಹೋದರು.

"ಏಪ್ರಿಲಲ್ಲೇ ನಿಂಗೆ ಗೊತ್ತಿತ್ತಾ?" ಎಂದು ಅಮ್ಮ ಕೇಳಿದಳು.

"ಗೊತ್ತಿತ್ತಮ್ಮ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಜಿಪ್ಪಕ್ಕ ಬದುಕಿಕೊಳ್ಳುತ್ತಿದ್ದಳು. ಅಮ್ಮ ಮಡಿಲಿನ ಫೋಮನ್ನು ನೆಲಕ್ಕೆ ಬೀಳಿಸಿ ಎದ್ದು, ಗೋಡೆ ಹಿಡಿದುಕೊಂಡು ಸ್ಟೂಲಿನ ತನಕ ಹೋಗಿ, ಮಗನ ತೋಳನ್ನು ಮತ್ತೆ ಹುಡುಕಿ ಹಿಡಿದಳು. ಈ ಸಲ ಬಿಡಲಿಲ್ಲ.

"ಏಳು, ಆಸ್ಪತ್ರೆಗೆ ಹೋಗೋಣ" ಎಂದಳು ಅವನಿಗೆ. ಮಗಳ ಕಡೆ ತಿರುಗದೆಯೇ, "ಅಲ್ಲಿ ಕೇಳ್ತಾರೆ ಯಾವಾಗಿಂದ ಹೀಗೆ ಅಂತ. ನೀನೇ ಹೇಳ್ಬೇಕು. ಬಾ" ಎಂದಳು.